ಬಾರದವರ ಪಟ್ಟಿ

ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದರೆ ನಾನೊಬ್ಬಳೇ. ಮೊದಲೇ ಹೇಳಿಬಿಡುತ್ತೇನೆ, ಓದುತ್ತ ಓದುತ್ತ ಯಾರ ಮೇಲಾದರೂ ಸಿಟ್ಟು ಬಂದರೆ ಅದನ್ನು ನನ್ನ ಮೇಲೆಯೇ ಹಾಕಿ.

ನನ್ನ ಹೆಸರು ಮುಕ್ತಾ. ಧಾರವಾಡದಲ್ಲಿ ಮನಃಶಾಸ್ತ್ರ ಓದಿದೆ, ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ರೋಗಿಗಳನ್ನು ಕೂಡಿಸಿಕೊಂಡು ಮಾತಾಡಿಸಿದೆ. ಸಾಕಾಗಿ ನಮ್ಮ ಇಂಡಿಗೆ ಬಂದು ಸ್ವಂತದ್ದೇ ಕೆಲಸ ಶುರು ಮಾಡಿದೆ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶುಕ್ರವಾರ ಬಸವನ ಬಾಗೇವಾಡಿ. ನಾಲ್ಕು ಊರಲ್ಲಿ ನಾಲ್ಕು ಬಾಡಿಗೆ ಕೋಣೆ, ಎರಡು ಕುರ್ಚಿ, ಒಂದು ಮೇಜು. ಗುಳಿಗೆ ಕೊಡುವುದಿಲ್ಲ, ಸೂಜಿ ಮಾಡುವುದಿಲ್ಲ. ಮಾತು, ಅಷ್ಟೆ. ಅದಕ್ಕೇ ಜನ ನನಗೆ ‘ಮಾತಿನ ಬಾಯಾರು’ ಅಂತ ಹೆಸರಿಟ್ಟರು.

ಯಾರೂ ತಮ್ಮ ಊರಲ್ಲಿ ನನ್ನ ಹತ್ತಿರ ಬರುತ್ತಿರಲಿಲ್ಲ. ಇಂಡಿ ಕಡೆಯವರು ಸಿಂದಗಿಗೆ ಬರುತ್ತಿದ್ದರು, ಸಿಂದಗಿಯವರು ಮುದ್ದೇಬಿಹಾಳಕ್ಕೆ, ಮುದ್ದೇಬಿಹಾಳದವರು ಬಾಗೇವಾಡಿಗೆ, ಬಾಗೇವಾಡಿಯವರು ಇಂಡಿಗೆ. ನನ್ನ ಬಾಗಿಲಲ್ಲಿ ಕಂಡರೆ ಮುಗಿಯಿತು, ತಲೆ ಕೆಟ್ಟಿದೆ ಅಂತ ಊರೆಲ್ಲ ಮಾತಾಡುತ್ತದೆ. ಒಮ್ಮೆ ಇಂಡಿಯ ಇಬ್ಬರು ಗಂಡಸರು ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಬಂದಿದ್ದರು. ಲಗ್ನದ ಅರಿವೆ ತರಲು ಹೊರಟಿದ್ದೇನೆ ಅಂತ ಇವನು, ನಾನೂ ಅದಕ್ಕೇ ಅಂತ ಅವನು. ಸಿಂದಗಿಯಲ್ಲಿಳಿದು ಬೇರೆ ಬೇರೆ ಓಣಿ ಹಿಡಿದು, ಹತ್ತು ನಿಮಿಷ ಸುತ್ತಿ, ನನ್ನ ಹಿತ್ತಲ ಬಾಗಿಲಲ್ಲಿ ಎದುರುಬದುರಾದರು. ಇಬ್ಬರನ್ನೂ ಒಳಗೆ ಕರೆದು ಚಹಾ ಕೊಟ್ಟೆ. ಆವತ್ತು ನಕ್ಕಂತೆ ಆಮೇಲೆ ನಾನು ನಕ್ಕಿಲ್ಲ.

ಆಗ ನನ್ನ ಹತ್ತಿರ ಊರಿಗೊಂದರಂತೆ ನಾಲ್ಕು ನೋಟಬುಕ್ಕು ಇದ್ದವು. ಅವುಗಳಲ್ಲಿ ಯಾರದೂ ನಿಜವಾದ ಹೆಸರಿರಲಿಲ್ಲ. ಮೊದಲ ದಿನವೇ “ನಿನಗೊಂದು ಹೆಸರ ನೀನ ಇಟ್ಕೋ” ಅನ್ನುತ್ತಿದ್ದೆ. ಮೀಸೆ ಹೊತ್ತ ಒಬ್ಬ ಹವಾಲ್ದಾರ ‘ಗುಬ್ಬಿ’ ಅಂತ ಇಟ್ಟುಕೊಂಡಿದ್ದ. ಊರು, ಗಂಡ, ಮನೆತನ ಒಂದೂ ಕೇಳುತ್ತಿರಲಿಲ್ಲ. ಅವರು ಹೋದ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದೆ. ಹಾಗೇ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಬಾಗೇವಾಡಿಗೆ ಬರುತ್ತಿದ್ದವರಲ್ಲಿ ‘ಕಂದೀಲು’ ಅಂತ ಹೆಸರಿಟ್ಟುಕೊಂಡ ಒಬ್ಬನಿದ್ದ. ಸಣ್ಣ ದನಿಯವನು, ಕೂತರೆ ಕುರ್ಚಿಯ ತುದಿಯಲ್ಲೇ ಕೂರುವವನು. ಒಂದು ಶುಕ್ರವಾರ ಬರಲಿಲ್ಲ. ಇನ್ನೊಂದು ಶುಕ್ರವಾರವೂ ಇಲ್ಲ. ಜೋಳದ ರಾಶಿಯ ದಿನ, ಹೊಲದಲ್ಲಿರಬೇಕು ಅಂದುಕೊಂಡೆ. ಬೇರೆ ಮೂವತ್ತು ಜನರ ಗದ್ದಲದಲ್ಲಿ ಅವನು ಮರೆತೇ ಹೋದ. ಎರಡು ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಶೇಂಗಾ ಕೊಂಡೆ. ಸುತ್ತಿಕೊಟ್ಟ ಪೇಪರಿನಲ್ಲಿ ಅವನ ಫೋಟೋ, ಕೆಳಗೆ ಶ್ರದ್ಧಾಂಜಲಿ. ಅವನ ಹೆಸರು ಪರಮಾನಂದ ಅಂತ ನನಗೆ ಗೊತ್ತಾಗಿದ್ದು ಅವತ್ತು. ವಿಚಾರಿಸಿದೆ. ತನ್ನ ಕೈಯಾರೆ ಜೀವ ಕಳೆದುಕೊಂಡಿದ್ದ, ನನ್ನಲ್ಲಿಗೆ ಬರುವುದು ತಪ್ಪಿಸಿದ ಎರಡನೆಯ ವಾರವೇ. ಯಾರಾದರೂ ನನಗೆ ‘ಇವನು ಬಂದಿಲ್ಲ ನೋಡು’ ಅಂತ ಒಂದು ಮಾತು ಹೇಳಿದ್ದರೆ ಅವನ ಊರು ಹುಡುಕಿಕೊಂಡು ಹೋಗುತ್ತಿದ್ದೆ. ಹೇಳುವವರು ಯಾರಿದ್ದರು? ಊರೇ ಕೇಳಿರಲಿಲ್ಲವಲ್ಲ ನಾನು.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಯಾರೇ ಒಂದು ಪಾಳಿ ತಪ್ಪಿಸಿದರೂ ಪರಮಾನಂದನೇ ನೆನಪಾಗುತ್ತಿದ್ದ. ಬಾರದವರ ಹೆಸರನ್ನು ತಾನಾಗಿಯೇ ಎತ್ತಿ ತೋರಿಸುವಂಥದು ಏನಾದರೂ ಬೇಕು ಅಂತ ತಲೆಯಲ್ಲಿ ಕೂತಿತು. ಅದು ೨೦೦೩ನೇ ಇಸವಿ. ಬ್ಯಾಂಕಿಗೆ ಬಂದಿದೆ, ತಹಶೀಲ್ದಾರ ಕಚೇರಿಗೆ ಬಂದಿದೆ, ನನಗೇಕೆ ಬೇಡ ಅಂತ ಕಂಪ್ಯೂಟರಿನ ಹಿಂದೆ ಬಿದ್ದೆ.

ಇಂಡಿಯಲ್ಲಿ ಶ್ರೀಶೈಲ ಅಂತ ಇದ್ದಾರೆ, ನಲವತ್ತು ದಾಟಿದವರು, ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ನಿಂಬೆಹಣ್ಣಿನ ದಲಾಲರಿಗೆ ಸಾಫ್ಟವೇರ್ ಬರೆದುಕೊಟ್ಟ ಮನುಷ್ಯ. ನನಗೂ ಒಂದು ಮಾಡಿ ತಂದರು. ಕರಿ ಪರದೆ, ಹಸಿರು ಅಕ್ಷರ. ಹೆಸರು ಬೇಡ, ನಂಬರು ಸಾಕು. ತಾರೀಖು ಹಾಕಿ, ನಾಲ್ಕು ಸಾಲು ಬರೆದು, ಮುಚ್ಚು. ನನ್ನ ನೋಟಬುಕ್ಕೇ ಪೆಟ್ಟಿಗೆಯೊಳಗೆ ಹೊಕ್ಕಂತಿತ್ತು.

“ಬಾರದವರ ಪಟ್ಟಿ ಎಲ್ಲೈತ್ರಿ ಇದ್ರಾಗ?” ಎಂದು ಕೇಳಿದೆ.

“ಪಟ್ಟಿ ತಗೊಂಡ ಏನ ಮಾಡ್ತೀರಿ ಬಾಯಾರ?”

“ಫೋನ್ ಹಚ್ಚತೇನಿ. ಬರ್ರಿ ಅಂತೇನಿ.”

ಶ್ರೀಶೈಲ ಕನ್ನಡಕ ತೆಗೆದು ಒರೆಸಿಕೊಂಡರು. “ಹಳ್ಳ್ಯಾಗ ಯಾರ ಮನ್ಯಾಗ ಫೋನ್ ಐತ್ರಿ? ಹಚ್ಚಿದ್ರ ಯಾರ ಎತ್ತತಾರ ಅನ್ನೂದ ವಿಚಾರ ಮಾಡೀರೇನು?”

ಎಷ್ಟು ಸರಿಯಾದ ಮಾತು! ನನಗೆ ಸಿಟ್ಟು ಬಂತು. ನಿಂಬೆಹಣ್ಣಿನ ಲೆಕ್ಕ ಬರೆಯುವವರು ನನಗೆ ನನ್ನ ಕೆಲಸ ಕಲಿಸುತ್ತಾರೆಯೇ ಅನ್ನಿಸಿತು. ಆಗಲೇ ಸೊಲ್ಲಾಪುರದ ಒಂದು ಸಭೆಯಲ್ಲಿ ಪುಣೆಯ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದು ಸಿ.ಡಿ. ತೋರಿಸಿದ್ದ. ಮಾತಿನ ಚಿಕಿತ್ಸೆ ಮಾಡುವವರಿಗೆಂದೇ ಪರದೇಶದವರು ಮಾಡಿದ್ದು ಅಂದಿದ್ದ. ಡಬ್ಬಿಯ ಮೇಲೆ ನಗುತ್ತಿರುವ ಹೆಂಗಸು. ಎರಡು ಪಾಳಿ ತಪ್ಪಿದರೆ ಶನಿವಾರ ತಾನಾಗಿಯೇ ಪಟ್ಟಿ ಅಚ್ಚಾಗಿ ಬರುತ್ತದೆ ಅಂತ ಮಾಡಿ ತೋರಿಸಿದ. ನನ್ನ ಕಣ್ಣೆದುರಿಗೆ ಪರಮಾನಂದ ಬಂದು ನಿಂತ. ತಗೊಂಡೆ. ಜೊತೆಗೊಂದು ಹಳೆಯ ಲ್ಯಾಪ್‌ಟಾಪು, ಒಂದು ಪ್ರಿಂಟರು. ಶ್ರೀಶೈಲರಿಗೆ “ನಿಮ್ಮದು ಚಲೋನ ಐತಿ, ಆದ್ರ ನಮ್ಮ ಕೆಲಸಕ್ಕ ಆಗೂದಿಲ್ಲ” ಎಂದು ಹೇಳಿ ಕಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಆ ಪೆಟ್ಟಿಗೆಗೆ ಎಲ್ಲ ಬೇಕು. ಪೂರ್ತಿ ಹೆಸರು, ಗಂಡನ ಹೆಸರು, ಊರು, ಫೋನು. ಒಂದು ಕಾಲಂ ಖಾಲಿ ಬಿಟ್ಟರೂ ಟುಣ್ ಅಂತ ಬಡಿದುಕೊಳ್ಳುತ್ತದೆ, ಮುಂದೆ ಬಿಡುವುದಿಲ್ಲ. ಫೋನಿನ ಕಾಲಮ್ಮಿನಲ್ಲಿ ಅಂಕಿ ಮಾತ್ರ. ನಮ್ಮ ಕಡೆ ಪಕ್ಕದ ಮನೆಯವರ ನಂಬರು ಕೊಟ್ಟು ಪಕ್ಕದಲ್ಲಿ ‘ಪಿ.ಪಿ.’ ಅಂತ ಬರೆಯುತ್ತಾರೆ. ಇದು ಅವರದಲ್ಲ, ಕರೆದು ಹೇಳುವವರದು ಅಂತ ಅದರ ಅರ್ಥ. ಲಗ್ನಪತ್ರಿಕೆಯಲ್ಲೂ ಹಾಗೇ ಇರುತ್ತದೆ. ಪಿ.ಪಿ. ಅಂತ ಒತ್ತಲು ಹೋದರೆ ಟುಣ್. ಆಯಿತು ಮಾರಾಯ ಅಂತ ಬರೀ ಅಂಕಿ ಹಾಕಿದೆ.

ಇನ್ನೊಂದು ಕಾಲಂ ಇತ್ತು: ‘ರಿಸ್ಕ್’. ಲೋ, ಮೀಡಿಯಂ, ಹೈ, ಮೂರರಲ್ಲೊಂದು ಆರಿಸಬೇಕು. ಹೈ ಅಂತ ಹಾಕಿದವರ ಹೆಸರು ಮಾತ್ರ ಶನಿವಾರದ ಪಟ್ಟಿಯಲ್ಲಿ ಬರುತ್ತದೆ, ಉಳಿದವರದು ಮೂರು ತಿಂಗಳಿಗೊಮ್ಮೆ. ಮೂರು ತಿಂಗಳಲ್ಲಿ ಪರಮಾನಂದನ ಮಾಸಿಕಗಳೂ ಆಗಿಹೋಗಿದ್ದವು. ನಾನು ಎಲ್ಲರಿಗೂ ಹೈ ಅಂತಲೇ ಹಾಕಿದೆ. ಹೈ ಅಂತ ಹಾಕಿದ ಕೂಡಲೇ ‘ಯಾರಿಗೆ ಅಪಾಯ’ ಅಂತ ಮತ್ತೊಂದು ಕಾಲಂ. ತನಗೆ, ಬೇರೆಯವರಿಗೆ, ಕೂಸಿಗೆ. ಅಲ್ಲಿಯೂ ಒಂದನ್ನು ಒತ್ತಲೇಬೇಕು.

ಈಗ ಲಕ್ಕವ್ವನ ಮಾತು. ಇಂಡಿ ತಾಲ್ಲೂಕಿನ ಹೊರ್ತಿಯ ಸೊಸೆ. ತವರು ಸಿಂದಗಿ ಹತ್ತಿರದ ಒಂದು ಹಳ್ಳಿ. ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಾಗ ಅವಳಿಗೆ ಒಂದು ಅಂಜಿಕೆ ಹೊಕ್ಕಿತು: ಇಳಿಗೆ ಕಂಡರೆ, ಕುಡುಗೋಲು ಕಂಡರೆ, ತನ್ನ ಕೈ ತನ್ನ ಮಾತು ಕೇಳದೆ ಕೂಸಿಗೆ ಏನಾದರೂ ಮಾಡಿಬಿಟ್ಟರೆ? ಈ ಅಂಜಿಕೆ ಬಾಣಂತಿಯರಿಗೆ ಬರುತ್ತದೆ, ನಾವು ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಮಂದಿಗೆ ಬರುತ್ತದೆ. ಹೀಗೆ ನಡುಗುವವರು ಏನೂ ಮಾಡುವವರಲ್ಲ. ಕೂಸಿನ ಮೇಲೆ ಜೀವ ಇಟ್ಟದ್ದಕ್ಕೇ ಆ ನಡುಕ. ಆದರೆ ಇದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ ಅನ್ನುವುದೇ ಅವಳ ದೊಡ್ಡ ಭಯ. ತಾಯಿ ಶೆಟ್ಟೆವ್ವ ಒಬ್ಬಳಿಗೇ ಗೊತ್ತು. ಅವಳೇ ನನ್ನಲ್ಲಿಗೆ ಕರೆತಂದಳು.

“ಬಾಯಾರ, ನನ್ನ ಕೂಸಿನ್ನ ಕಸಗೋತಾರೇನ್ರಿ?” ಲಕ್ಕವ್ವ ನನಗೆ ಹೇಳಿದ ಮೊದಲ ಮಾತೇ ಅದು.

“ಯಾರ ಕಸಗೋತಾರ? ಇಲ್ಲಿ ಆಡಿದ್ದು ಈ ಗ್ವಾಡಿ ದಾಟಂಗಿಲ್ಲ” ಅಂದೆ. ಅವಳು ತನಗೆ ‘ತುಳಸಿ’ ಅಂತ ಹೆಸರಿಟ್ಟುಕೊಂಡಳು. ನೋಟಬುಕ್ಕಿನಲ್ಲಿ ನಾನು ಬರೆದದ್ದು ಇಷ್ಟು: ‘ತುಳಸಿ. ಇಳಿಗೆ ಕಂಡರೆ ಅಂಜಿಕೆ. ಕೂಸೆಂದರೆ ಪ್ರಾಣ. ಏನೂ ಮಾಡುವವಳಲ್ಲ.’

ಐದನೆಯ ತಿಂಗಳಲ್ಲಿ ಹೊರ್ತಿಗೆ ಹೋದ ಮೇಲೂ ಬರುತ್ತಿದ್ದಳು. ತಾಯಿಗೆ ಮೊಣಕಾಲು ನೋವು, ನೋಡಿ ಬರುತ್ತೇನೆ ಅಂತ ಅತ್ತೆಗೆ ಹೇಳಿ, ಎರಡು ವಾರಕ್ಕೊಂದು ಮಂಗಳವಾರ, ಎರಡು ಬಸ್ಸು ಬದಲಾಯಿಸಿ. ಕೂಸನ್ನು ಹೊರಗೆ ಶೆಟ್ಟೆವ್ವನ ತೊಡೆಯ ಮೇಲೆ ಬಿಟ್ಟು ಒಳಗೆ ಬಂದು ಕೂರುತ್ತಿದ್ದಳು. ಲ್ಯಾಪ್‌ಟಾಪು ಬಂದದ್ದು ಆಗಲೇ.

“ಖರೆ ಹೆಸರ ಬೇಕೇನ್ರಿ?” ಎಂದಳು.

“ನನಗ ಬ್ಯಾಡವಾ, ಇದಕ್ಕ ಬೇಕಂತ.”

“ನೀವ ಕೇಳಿದ್ರ ಕೊಡ್ತೇನ್ರಿ. ಫೋನ್ ನಮ್ಮ ಮನ್ಯಾಗಿಲ್ಲ. ಇಬ್ರಾಹಿಂಸಾಬರ ಕಿರಾಣಿ ಅಂಗಡ್ಯಾಗ ಐತಿ, ನಮ್ಮವ್ವ ಅಲ್ಲೇ ಹಚ್ಚತಾಳ. ಭಾಳ ಚಲೋ ಮನಿಷಾ, ಕರದ ಹೇಳ್ತಾರ.”

ಅಂಕಿ ಹಾಕಿದೆ. ಹೈ ಅಂತ ಹಾಕಿದೆ. ಯಾರಿಗೆ ಅಪಾಯ ಅಂತ ಕೇಳಿತು, ಕೂಸಿಗೆ ಅಂತ ಒತ್ತಿದೆ. ಅವಳು ಅಂಜುವುದು ಅದಕ್ಕೇ ಅಲ್ಲವೇ ಅಂದುಕೊಂಡೆ. ‘ಏನೂ ಮಾಡುವವಳಲ್ಲ’ ಅನ್ನುವ ಮಾತು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ನಾನೂ ಜಾಗ ಹುಡುಕಲಿಲ್ಲ, ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು.

ಎರಡು ತಿಂಗಳು ಎಲ್ಲ ಸುಸೂತ್ರ. ಶನಿವಾರ ಮಧ್ಯಾಹ್ನ ಪಟ್ಟಿ ಅಚ್ಚಾಗುತ್ತಿತ್ತು, ಮನೆಯ ಫೋನಿನಿಂದ ಹಚ್ಚುತ್ತಿದ್ದೆ. ಯಾರೇ ಎತ್ತಲಿ, ಬಳಗದವಳು ಅಂತ ಹೇಳಿ ಅವರನ್ನೇ ಕರೆಸಿ ಮಾತಾಡುವುದು, ಹೆಸರು ಹೇಳದಿರುವುದು, ಇದು ನಾನೇ ಹಾಕಿಕೊಂಡ ನಿಯಮ. ಹೀಗೆ ಮೂರು ಜನ ತಿರುಗಿ ಬಂದರು. ಅದರಲ್ಲೊಬ್ಬ ನಿಜವಾಗಿಯೂ ಕಷ್ಟದಲ್ಲಿದ್ದ. ಶ್ರೀಶೈಲರನ್ನು ಪೇಟೆಯಲ್ಲಿ ಕಂಡಾಗ “ನೋಡಿದ್ರ್ಯಾ?” ಎಂದು ಬೇರೆ ಅಂದೆ.

ಜನವರಿಯ ಕೊನೆಯ ಶನಿವಾರದ ಪಟ್ಟಿಯಲ್ಲಿ ಒಂಬತ್ತು ಹೆಸರು ಬಂದವು. ಎಲ್ಲಕ್ಕಿಂತ ಮೇಲೆ ಲಕ್ಕವ್ವ. ಎರಡು ಪಾಳಿ, ಅಂದರೆ ಒಂದು ತಿಂಗಳು ಬಂದಿಲ್ಲ! ನಂಬರು ಒತ್ತಿದೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬರೀ ಅಂಕಿ ಇತ್ತು, ಅದು ಅಂಗಡಿಯ ನಂಬರು ಅನ್ನುವುದು ನನ್ನ ತಲೆಯಿಂದ ಹೋಗಿತ್ತು.

“ಯಾರ್ರಿ?” ಗಂಡಸಿನ ದನಿ. ಹಿಂದೆ ಗದ್ದಲ.

“ಲಕ್ಕವ್ವನ್ನ ಕರೀರಿ.”

“ಗಿರಾಕಿ ಅದಾರ್ರಿ, ಹೇಳೂದ ಏನೈತಿ ಹೇಳ್ರಿ, ಆಮ್ಯಾಲ ಹೇಳ್ತೇನಿ.”

“ಆಮ್ಯಾಲ ಅಲ್ಲ, ಈಗ ಕರೀರಿ.”

“ಈಗ ಆಗೂದಿಲ್ಲ ಯವ್ವಾ, ಅಂಗಡಿ ಬಿಟ್ಟ ಹ್ಯಾಂಗ ಬರ್ಲಿ?”

ಫೋನು ಇಡುತ್ತಾನೆ ಅನ್ನಿಸಿತು. ಇಟ್ಟರೆ ಇನ್ನೊಂದು ವಾರ. ಪರಮಾನಂದನಿಗೂ ನಾನು ಇನ್ನೊಂದು ವಾರ ಅಂದಿದ್ದೆ. ಒದರಿಬಿಟ್ಟೆ: “ನಾ ಸಿಂದಗಿ ಮಾತಿನ ಬಾಯಿ ಅದೇನಿ! ತಿಂಗಳಾತು ಬಂದಿಲ್ಲ ಆಕಿ. ಆಕಿ ಹ್ಯಾಂಗದಾಳ, ಕೂಸು ಹ್ಯಾಂಗೈತಿ, ಲಗೂನ ಹೋಗಿ ನೋಡ್ರಿ!”

ಇಬ್ರಾಹಿಂಸಾಬರು ನಿಜವಾಗಿಯೂ ಒಳ್ಳೆಯ ಮನುಷ್ಯ. ಗಿರಾಕಿಗಳನ್ನು ಹಾಗೇ ಬಿಟ್ಟು ಚಪ್ಪಲಿಯನ್ನೂ ಮೆಟ್ಟದೆ ಓಡಿದರಂತೆ. ಬಾಗಿಲಲ್ಲಿ ಸಿಕ್ಕವಳು ಅತ್ತೆ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದರು.

ಮಂಗಳವಾರ ಸಿಂದಗಿಯ ಕೋಣೆಗೆ ಲಕ್ಕವ್ವನ ಮಾವ ಬಂದರು. ಗುರುಲಿಂಗಪ್ಪ, ನಿವೃತ್ತ ಹೆಡ್ಮಾಸ್ತರು. ಬಿಳಿ ಧೋತರ, ಟೊಪ್ಪಿಗೆ. ನಾನು ಕೂರಿ ಅನ್ನುವವರೆಗೂ ನಿಂತೇ ಇದ್ದರು.

“ಜಗಳಾಡಾಕ ಬಂದಿಲ್ರಿ ಬಾಯಾರ. ಒಂದ ಮಾತ ಕೇಳಿ ಹೋಗ್ತೇನಿ. ನಮ್ಮ ಸೊಸಿಗೆ ಏನಾಗೈತಿ?”

“ಒಬ್ಬರ ಮಾತ ಇನ್ನೊಬ್ಬರಿಗೆ ನಾ ಹೇಳಂಗಿಲ್ರಿ ಮಾಸ್ತರ್ರ. ಆಕಿನ್ನ ಕೇಳ್ರಿ.”

“ಕೇಳಿದ್ವಿ. ಏನಿಲ್ಲ ಏನಿಲ್ಲ ಅಂತ ಅಳ್ತಾಳ. ಏನ ಇಲ್ದಿದ್ರ ನೀವ್ಯಾಕ ಕೂಸು ನೋಡ್ರಿ ಅಂದ್ರಿ?”

ಕೂಸಿಗೆ ಏನೂ ಆಗುವುದಿಲ್ಲ, ಅವಳ ಕೈಯಲ್ಲೇ ಇರಲಿ ಅಂತ ಆ ಕ್ಷಣ ಹೇಳಿದ್ದರೆ ಸಾಕಿತ್ತು. ಹೇಳಬೇಕೋ ಬೇಡವೋ, ಹೇಳಿದರೆ ಅವಳ ಗುಟ್ಟು ಒಡೆದಂತೆ ಆಗುತ್ತದೆಯೋ ಅಂತ ನಾನು ತಡವರಿಸಿದೆ. ಅಷ್ಟರಲ್ಲಿ ಅವರ ಕಣ್ಣು ಮೇಜಿನ ಮೇಲಿನ ಪಟ್ಟಿಗೆ ಬಿತ್ತು. ಕಾಗದ ನನ್ನ ಕಡೆ ತಿರುಗಿತ್ತು. ಮೂವತ್ತು ವರ್ಷ ಮೇಜಿನ ಆಚೆಯ ಹುಡುಗರ ಪಾಟಿಯನ್ನು ತಲೆಕೆಳಗಾಗಿಯೇ ಓದಿದ ಮನುಷ್ಯನಿಗೆ ಅದೇನು ಕಷ್ಟ?

“ಹೈ ರಿಸ್ಕ್” ಎಂದು ಪಾಠ ಓದುವಂತೆ ಓದಿದರು. “ಇನ್‌ಫಂಟ್. ಇನ್‌ಫಂಟ್ ಅಂದ್ರ ಕೂಸಲ್ರಿ?”

“ಅದು ಎಲ್ಲಾರಿಗೂ ಹಾಕಿದ್ರಿ ಮಾಸ್ತರ್ರ! ನೋಡ್ರಿ, ಒಂಬತ್ತೂ ಮಂದಿ ಮುಂದ ಹೈ ಅಂತನ ಐತಿ” ಎಂದು ಪಟ್ಟಿಯನ್ನು ಅವರ ಕಡೆ ತಿರುಗಿಸಿದೆ. ಉಳಿದ ಎಂಟು ಮಂದಿಯ ಹೆಸರನ್ನೂ ಬೇರೆಯವರಿಗೆ ತೋರಿಸಿದೆ ಅನ್ನುವುದು ಹೊಳೆದದ್ದು ಆಮೇಲೆ.

ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಖರೆ. ಹೈ ಎಲ್ಲಾರ ಮುಂದೂ ಐತಿ. ಕೂಸು ಮಾತ್ರ ಈಕಿ ಒಬ್ಬಾಕಿ ಮುಂದನ ಐತ್ರಿ.”

ಆಗ ಎಲ್ಲವನ್ನೂ ಹೇಳಿದೆ. ಅಂಜಿಕೆಯ ಮಾತು, ಅದು ಬರುವ ರೀತಿ, ಅಂಥವರು ಏನೂ ಮಾಡುವುದಿಲ್ಲ ಅನ್ನುವುದು, ಯಂತ್ರ ಕೇಳಿದ್ದಕ್ಕೆ ಒಂದನ್ನು ಒತ್ತಿದ್ದು. ಅವರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

“ನೀವ ಹೇಳೂದು ತಿಳೀತ್ರಿ. ಆದ್ರ ಈಗ ಹೇಳೂದು ನನ್ನ ಮುಂದ. ಇದು ನಿಮ್ಮಷ್ಟಕ್ಕ ನೀವ ಬರಕೊಂಡದ್ದು. ಎರಡರಾಗ ಯಾವದ ನಂಬಲಿ?”

ಕೈ ಮುಗಿದು ಹೋದರು. ಮರುದಿನವೇ ಲಕ್ಕವ್ವನನ್ನು ಅವಳ ಗಂಡ ಸೋಮನಿಂಗ ತವರಿಗೆ ಬಿಟ್ಟುಬಂದ. ಏಳು ತಿಂಗಳ ಕೂಸು ಹೊರ್ತಿಯಲ್ಲೇ ಉಳಿಯಿತು. ಶೆಟ್ಟೆವ್ವ ಇಂಡಿಗೆ ಬಂದು ನನ್ನ ಕಟ್ಟೆಯ ಮೇಲೆ ಕೂತು “ಗ್ವಾಡಿ ದಾಟಂಗಿಲ್ಲ ಅಂದಿದ್ರೆಲ್ರೀ” ಎಂದು ಒಂದೇ ಮಾತು ಹೇಳಿ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಹೊರ್ತಿಗೆ ಹೋದೆ. ಸಿಂದಗಿಯ ನೋಟಬುಕ್ಕು ತಗೊಂಡು ಹೋದೆ, ನನ್ನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದುಕೊಂಡು ಹೋದೆ. ಚುರುಮುರಿ ಕೊಟ್ಟರು, ಚಹಾ ಕೊಟ್ಟರು. ಅತ್ತೆ ಪಡಸಾಲೆಯಲ್ಲಿ ಕೂಸಿಗೆ ಬಾಟಲಿ ಹಿಡಿದಿದ್ದಳು. ಕೂಸು ಮುಖ ತಿರುಗಿಸುತ್ತಿತ್ತು, ಅವಳು ಮತ್ತೆ ಹಿಡಿಯುತ್ತಿದ್ದಳು. ಅವಳ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

ನೋಟಬುಕ್ಕು ತೆರೆದು ತೋರಿಸಿದೆ. “ನೋಡ್ರಿ, ಮೊದಲನೇ ದಿವಸನ ಬರದೇನಿ. ಏನೂ ಮಾಡುವವಳಲ್ಲ ಅಂತ.”

ಗುರುಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. “ಇದ್ರಾಗ ತುಳಸಿ ಅಂತ ಐತಿ. ಲಕ್ಕವ್ವ ಎಲ್ಲದಾಳ್ರಿ?”

“ಆಕಿನ ತುಳಸಿ.”

“ನಿನ್ನೆ ಪೆನ್ಸಿಲಿನ್ಯಾಗ ಬರದ ತಂದೀರಿ ಅಂತ ಯಾರರೆ ಅಂದ್ರ ನಾ ಏನಂತ ಇಲ್ಲ ಅನ್ಲಿ?” ಅವರ ದನಿಯಲ್ಲಿ ಹಂಗಿಸುವ ಭಾವ ಒಂದಿಷ್ಟೂ ಇರಲಿಲ್ಲ. ಪತ್ರವನ್ನೂ ಮಡಚಿ ನನ್ನ ಕೈಗೆ ಕೊಟ್ಟರು.

ಕಂಬಕ್ಕೆ ಆತು ನಿಂತಿದ್ದ ಸೋಮನಿಂಗ ಮೊದಲ ಸಲ ಬಾಯಿ ಬಿಟ್ಟ. “ಮಷಿನ್ನು ಸುಳ್ಳ ಹೇಳ್ತೈತೇನ್ರಿ?”

“ಮಷಿನ್ನು ಹೇಳಿಲ್ಲಪಾ, ನಾ ಹೇಳಿದ್ದು ಅದು.”

“ಹಂಗಾದ್ರ ನೀವ ಹೇಳೀರೆಲ್ಲ!” ಎಂದವನೇ ಕಣ್ಣೊರೆಸಿಕೊಂಡು ಹೊರಗೆ ಹೋದ.

ಅತ್ತೆ ತಲೆ ಎತ್ತಲಿಲ್ಲ. “ನಿಮ್ಮ ಮೊಮ್ಮಗಳಾಗಿದ್ರ ಕೊಡ್ತಿದ್ರೇನು ಬಾಯಾರ?” ಎಂದಳು. ಕೊಡುತ್ತಿದ್ದೆ ಅಂದೆ. ಅವಳು ನಂಬಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಬಸ್ಸಿನವರೆಗೆ ಬಂದ ಗುರುಲಿಂಗಪ್ಪನವರು ಒಂದು ಮಾತು ಹೇಳಿದರು. “ಆ ಮಷಿನ್ನ್ಯಾಗ ಆಕಿ ಹೆಸರ ಮುಂದ ‘ಲೋ’ ಅಂತ ಅಚ್ಚಾಗಿ ಬಂದ ದಿವಸ ಕಾಗದ ಕಳಸ್ರಿ. ನಾನ ಹೋಗಿ ಸೊಸಿನ್ನ ಕರಕೊಂಡ ಬರ್ತೇನಿ. ಕೂಸು ಹಗಲೆಲ್ಲಾ ಅಳ್ತೈತ್ರಿ, ನಮಗೇನ ಹೌಸಿ ಐತೇನು?”

ಇಷ್ಟೇ ತಾನೆ! ಮನೆ ಮುಟ್ಟಿದವಳೇ ಲ್ಯಾಪ್‌ಟಾಪು ತೆರೆದು ಹೈ ತೆಗೆದು ಲೋ ಒತ್ತಿದೆ. ಟುಣ್. ಒಮ್ಮೆ ಹೈ ಅಂತ ಹಾಕಿದವರನ್ನು ಕೆಳಗಿಳಿಸಬೇಕಾದರೆ ಅವರು ಸಾಲಾಗಿ ಆರು ಪಾಳಿ ತಪ್ಪಿಸದೆ ಬಂದಿರಬೇಕು. ಲಕ್ಕವ್ವನ ಹಿಂದಿನ ಎರಡು ಪಾಳಿ ‘ಬಂದಿಲ್ಲ’ ಅಂತ ಮುಚ್ಚಿಹೋಗಿದ್ದವು, ತಿದ್ದಲು ಬರುವುದಿಲ್ಲ. ಮುಂದಿನವನ್ನು ಆ ದಿನ ಬಂದ ಮೇಲೆಯೇ ತುಂಬಬೇಕು; ಎರಡು ವಾರದ ಅಂತರ ಕಡಿಮೆ ಮಾಡಲೂ, ಹೆಸರು ಅಳಿಸಿ ಹೊಸದಾಗಿ ಹಾಕಲೂ ಬಿಡುವುದಿಲ್ಲ. ಪುಣೆಗೆ ಫೋನ್ ಹಚ್ಚಿ ಕಿರುಚಾಡಿದೆ. ಆ ಟೈ ಕಟ್ಟಿದವನು ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ, ಇದು ರೋಗಿಯ ಸುರಕ್ಷತೆಗೆಂದೇ ಮಾಡಿದ್ದು ಬಾಯಿ ಅಂದ. ಕೊನೆಗೆ ನಾಚಿಕೆ ಬಿಟ್ಟು ಶ್ರೀಶೈಲರ ಹತ್ತಿರ ಹೊತ್ತುಕೊಂಡು ಹೋದೆ. ಅರ್ಧ ದಿನ ಒದ್ದಾಡಿ “ಒಳಗ ಬೀಗ ಹಾಕ್ಯಾರ್ರಿ” ಅಂದರು. ನಾನು ಹೇಳಿರಲಿಲ್ಲವೇ ಅಂತ ಅವರು ಅನ್ನಲಿಲ್ಲ. ಚಹಾ ತರಿಸಿಕೊಟ್ಟರು.

ಮುಂದಿನ ಮಂಗಳವಾರ ಲಕ್ಕವ್ವ ಸಿಂದಗಿಗೆ ಬಂದಳು. ಹಿತ್ತಲ ಬಾಗಿಲಿನಿಂದಲ್ಲ, ಮುಂದಿನ ಬಾಗಿಲಿನಿಂದ, ಸೆರಗು ಮುಖಕ್ಕೆ ಎಳೆದುಕೊಳ್ಳದೆ. ಕೂತಳು. ಕುಪ್ಪಸ ಎದೆಯ ಹತ್ತಿರ ಒದ್ದೆಯಾಗಿತ್ತು, ಸೆರಗನ್ನು ಮಡಚಿ ಒತ್ತಿ ಹಿಡಿದುಕೊಂಡಿದ್ದಳು.

“ತಪ್ಪಾತವಾ ಲಕ್ಕವ್ವ” ಅಂದೆ. ಇಷ್ಟು ವರ್ಷ ಮಾತನ್ನೇ ಉಂಡವಳಿಗೆ ಸಿಕ್ಕಿದ್ದು ಅದೊಂದೇ ಮಾತು.

“ನಾ ಯಾಕ ಬಂದಿದ್ದಿಲ್ಲ ಅಂತ ನೀವ ಕೇಳಲೇ ಇಲ್ಲಲ್ರಿ.”

ಹೌದು. ಕೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ.

“ಸಂಕ್ರಾಂತಿ ಮುಂದ, ಇಳಿಗಿ ಮ್ಯಾಲ ಕುಂತು ಬದನಿಕಾಯಿ ಹೆಚ್ಚಾಕತ್ತಿದ್ನ್ರಿ. ಮಗ್ಗಲಾಗ ಕೂಸು ಆಡ್ತಿತ್ತು. ಹೆಚ್ಚಿ ಮುಗಿಸಿದ ಮ್ಯಾಲ ನೆನಪಾತು, ಅಂಜಿಕಿ ಬರಲೇ ಇಲ್ಲ ಅಂತ. ಮರದಿನಾನೂ ಬರಲಿಲ್ಲ. ತಿಂಗಳೆಲ್ಲಾ ಬರಲಿಲ್ರಿ.” ಅವಳ ಮುಖದಲ್ಲಿ ಒಂದು ಕ್ಷಣ ಆ ದಿನದ ಖುಷಿ ಬಂದು ಹೋಯಿತು. “ಆರಾಮಾದ ಮ್ಯಾಲ ಮತ್ಯಾಕ ಅತ್ತಿಗೆ ಸುಳ್ಳ ಹೇಳಿ ಬರೂದು ಅಂತ ಬಿಟ್ನ್ರಿ. ನಿಮ್ಮ ಮುಂದ ಯಾವಾಗರೆ ಬಂದು ಹೇಳಿ, ಕೂಸಿನ್ನ ನಿಮ್ಮ ತೊಡಿ ಮ್ಯಾಲ ಹಾಕಬೇಕಂತ ಮಾಡಿದ್ನಿ.”

ನಾನು ಅತ್ತುಬಿಟ್ಟೆ. ರೋಗಿಯ ಮುಂದೆ ಅಳಬಾರದು ಅಂತ ಕಲಿತಿದ್ದೇನೆ, ಕಲಿಸಿದ್ದೇನೆ. ಆದರೂ ಅತ್ತೆ. ಅವಳು ನನ್ನ ಅಳು ನಿಲ್ಲುವವರೆಗೆ ಕಾದಳು.

“ನಮ್ಮ ಮನಿಯವರು ಹೇಳಿ ಕಳಿಸ್ಯಾರ್ರಿ. ಮಾವಾರಿಗೆ ಆ ಮಷಿನ್ನಿನ ಕಾಗದ ಬೇಕಂತ. ಅದಕ್ಕ ಬಂದೇನಿ. ನಾ ಆರಾಮ ಅಂತ ಒಂದ ಅಚ್ಚ ಹಾಕಿ ಕೊಡ್ರಿ, ಸಂಜಿ ಬಸ್ಸಿಗೆ ಹೊರ್ತಿಗೆ ಹೋಗ್ತೇನಿ.”

ಆರು ಪಾಳಿಯ ಮಾತು ಹೇಳಲೇಬೇಕಾಯಿತು. ಹೇಳಿದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸೆರಗು ಒತ್ತಿ ಹಿಡಿದಿದ್ದ ಕೈಯನ್ನು ಬಿಟ್ಟು ಬೆರಳು ಮಡಚಿ ಎಣಿಸತೊಡಗಿದಳು. ಎರಡು ವಾರಕ್ಕೊಂದು ಪಾಳಿ. ಇವತ್ತಿನದು ಒಂದು.

“ಇನ್ನ ಹತ್ತ ವಾರ” ಎಂದಳು. “ಅಷ್ಟೊತ್ತಿಗೆ ಕೂಸು ನನ್ನ ಗುರ್ತ ಹಿಡೀತೈತೇನ್ರಿ ಬಾಯಾರ?”

ಪೆಟ್ಟಿಗೆ ತೆರೆದು, ಲಕ್ಕವ್ವನ ಹೆಸರು ಹುಡುಕಿ, ಇವತ್ತಿನ ತಾರೀಖಿನ ಮುಂದೆ ‘ಬಂದಿದ್ದಾಳೆ’ ಅಂತ ಒತ್ತಿದೆ.